ಹೊಗಳಿ ಬರೆದ ಅರ್ಜಿ

ಚಿಂತಾಮಣಿಯ ತಾಲ್ಲೂಕು ಕಚೇರಿ ಮುಂದೆ ಆಗ ಅರ್ಜಿ ಬರೆಯುವವರು ಏಳು ಜನ ಕೂರುತ್ತಿದ್ದರು. ಅದು ಐವತ್ತೊಂಬತ್ತನೇ ಇಸವಿ. ಏಳರಲ್ಲಿ ಆರು ಜನ ಕನ್ನಡದವರು. ಅವರಿಗೆ ಹುಣಸೆಮರದ ಬುಡ, ಚಾಪೆ, ಮೊಣಕಾಲೇ ಮೇಜು. ಏಳನೆಯವನು ವೆಂಕಟರವಣಪ್ಪ, ಇಂಗ್ಲಿಷಿನಲ್ಲಿ ಬರೆಯುವವನು. ಅವನಿಗೆ ಜಗಲಿಯ ಮೇಲೆ ಮೇಜು, ಕುರ್ಚಿ, ಮೈಮೇಲೆ ಕರಿ ಕೋಟು. ಆ ಮೂರಡಿ ಎತ್ತರಕ್ಕೇ ಅವನ ತಲೆ ತಿರುಗಿತ್ತೆಂದರೆ ತಪ್ಪಲ್ಲ. ಹುಣಸೆಮರದವರು ಟೀಗೆ ಕರೆದರೆ "ನೀವು ಕುಡೀರಪ್ಪ" ಎಂದು ಆಶೀರ್ವಾದ ಮಾಡುವವನ ಹಾಗೆ ಕೈಯೆತ್ತಿಬಿಡುತ್ತಿದ್ದ.

ಅವನ ಇಂಗ್ಲಿಷೇನು ಕಾಲೇಜಿನಿಂದ ಬಂದದ್ದಲ್ಲ. ಮೆಟ್ರಿಕ್ಕಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಕೆಲಸ ಬಿಟ್ಟ ಹಳೇ ಶಿರಸ್ತೇದಾರರೊಬ್ಬರ ಮನೆಯಲ್ಲಿ ಒಂಬತ್ತು ವರ್ಷ ಕಾಗದ ನಕಲು ಮಾಡಿ ಕಲಿತದ್ದು. ಆ ಮುದುಕರು ಸಾಯುವ ಮುಂಚೆ ಅವನಿಗೆ ಬಿಟ್ಟುಹೋದ ಆಸ್ತಿ ಒಂದೇ ಒಂದು ಮಾತು.

"ನೋಡೋ ರವಣ, ಇಂಗ್ಲಿಷಿನಲ್ಲಿ ಹೇಳೋದು ಬೇರೆ, ಸೂಚಿಸೋದು ಬೇರೆ. ಇಂಥೋನು ಕಳ್ಳ ಅಂತ ಹೇಳಿದ್ಯೋ, ಸಾಹೇಬರು ಸಾಕ್ಷಿ ಎಲ್ಲಿ ಅಂತಾರೆ. ಬರೀ ಸೂಚಿಸಿದ್ರೆ, ಅದು ತಮಗೇ ಹೊಳೀತು ಅಂದ್ಕೋತಾರೆ. ತನಗೇ ಹೊಳೆದದ್ದಕ್ಕೆ ಯಾವ ಸಾಹೇಬನೂ ಸಾಕ್ಷಿ ಕೇಳಲ್ಲ ಕಣೋ."

ಅಷ್ಟೇ ಸಾಕಾಯಿತು. ಇಪ್ಪತ್ತು ವರ್ಷ ವೆಂಕಟರವಣಪ್ಪ ಅದೇ ಮಾತಿನ ಮೇಲೆ ಅನ್ನ ತಿಂದ. ಯಾರ ಮೇಲೂ ಒಂದು ಆಪಾದನೆ ಬರೆಯಲಿಲ್ಲ, ಯಾರಿಗೂ ಒಂದು ಬೈಗುಳ ಹಾಕಲಿಲ್ಲ. ಅವನ ಅರ್ಜಿ ಹೋದ ಮೇಲೆ ಮಾತ್ರ ಶಾನುಭೋಗರಿಗೆ ವರ್ಗವಾಗುತ್ತಿತ್ತು, ಮೇಷ್ಟ್ರ ಬಡ್ತಿ ನಿಲ್ಲುತ್ತಿತ್ತು, ಗುಮಾಸ್ತರ ಕುರ್ಚಿ ಖಾಲಿಯಾಗುತ್ತಿತ್ತು. ಕನ್ನಡದಲ್ಲಿ ಇಂಥ ವಿದ್ಯೆ ಇಲ್ಲವೆಂದು ಅವನು ಹೇಳುತ್ತಿದ್ದ. ಇಲ್ಲದೆ ಏನು? ನಮ್ಮ ಹೆಂಗಸರು ನೀರು ಸೇದುತ್ತಾ ಸೇದುತ್ತಾ ಆಡುವ ಕೊಂಕಿಗೆ ಯಾವ ಇಂಗ್ಲಿಷೂ ಸಾಟಿಯಲ್ಲ. ಆದರೆ ಬಾವಿಕಟ್ಟೆಯ ಕೊಂಕು ಯಾರ ಮೇಲೆ ಬಿತ್ತೋ ಅವಳಿಗೂ ತಿಳಿಯುತ್ತೆ, ಅವಳು ಬಿಂದಿಗೆ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ನಿಲ್ಲಬಹುದು. ವೆಂಕಟರವಣಪ್ಪನ ಇಂಗ್ಲಿಷು ಯಾರ ಮೇಲೆ ಬಿತ್ತೋ ಅವರಿಗೆ ಅಂಥ ಭಾಗ್ಯವಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಅವನ ಮೇಜಿನ ಮುಂದೆ ಬಂಡಪಲ್ಲಿಯ ಚೆನ್ನರಾಯಪ್ಪ ಬಂದು ನಿಂತ. ಬಂಡಪಲ್ಲಿ ಕೆಂಚಾರ್ಲಹಳ್ಳಿಯಿಂದಾಚೆ ಎರಡು ಮೈಲಿ. ಅಲ್ಲಿನ ಹಿಪ್ಪುನೇರಳೆ ತೋಟದಲ್ಲಿ ಮುಕ್ಕಾಲು ಪಾಲು ಚೆನ್ನರಾಯಪ್ಪನದು, ಊರಿನಲ್ಲಿ ನಡೆಯುವ ಮಾತಂತೂ ಪೂರ್ತಿ ಅವನದೇ. ಹಾಗಂತ ಅವನೇ ತಿಳಿದಿದ್ದ.

"ಏಮಯ್ಯಾ ರೈಟರೂ, ನಮ್ಮೂರಿನ ಗ್ರಾಮಸೇವಕಿನ ಎತ್ತಿಸ್ಬೇಕು."

ಗ್ರಾಮಸೇವಕಿ ಎಂದರೆ ಸರ್ಕಾರ ಆಗತಾನೆ ಹಳ್ಳಿಗಳಿಗೆ ಕಳಿಸುತ್ತಿದ್ದ ಹೆಣ್ಣುಮಗಳು. ಬಾಣಂತಿಯರಿಗೆ ಆರೈಕೆ, ಮಕ್ಕಳಿಗೆ ಹಾಲಿನ ಪುಡಿ, ಹೆಂಗಸರಿಗೆ ಹೊಲಿಗೆ, ಅಕ್ಷರ, ಹೊಗೆಯಿಲ್ಲದ ಒಲೆ, ಎಲ್ಲಾ ಅವಳ ಕೆಲಸ. ಬಂಡಪಲ್ಲಿಗೆ ಬಂದಿದ್ದವಳು ಶಾಂತಕುಮಾರಿ. ಗೌರಿಬಿದನೂರಿನವಳು, ಇಪ್ಪತ್ತೆರಡು ವರ್ಷ, ತಂದೆಯಿಲ್ಲ. ತಾಯಿ ಮತ್ತು ಓದುತ್ತಿದ್ದ ಇಬ್ಬರು ತಂಗಿಯರು ಅವಳ ಸಂಬಳದಲ್ಲೇ ಉಣ್ಣುತ್ತಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ಏನು ಮಾಡವ್ರೆ ಆಯಮ್ಮ?" ಎಂದು ವೆಂಕಟರವಣಪ್ಪ ಕೇಳಿದ.

ಮಾಡಿದ್ದು ಇಷ್ಟು. ಊರಿಗೆ ಸರ್ಕಾರದ ಬಾವಿಯೊಂದು ಮಂಜೂರಾಗಿತ್ತು. ಅದು ತನ್ನ ತೋಟದ ಬದುವಿನಲ್ಲಿ ಬರಲಿ ಎಂದು ಚೆನ್ನರಾಯಪ್ಪನ ಆಸೆ. ಬಾವಿ ಎಲ್ಲಿ ತೋಡಬೇಕೆಂದು ಮೇಲಿನವರು ಗ್ರಾಮಸೇವಕಿಯನ್ನು ಕೇಳಿದರು. ಕೆಳಗಿನ ಕೇರಿಯ ಹೆಂಗಸರು ಮೈಲಿ ದೂರದಿಂದ ನೀರು ಹೊರುತ್ತಾರೆ, ಅಲ್ಲಿ ತೋಡಿ ಎಂದು ಅವಳು ಬರೆದಳು. ತೋಡಿದರು. ಇಪ್ಪತ್ತೆಂಟಡಿಗೇ ನೀರು ಬಂದದ್ದು ಚೆನ್ನರಾಯಪ್ಪನ ಹೊಟ್ಟೆಗೆ ಇನ್ನಷ್ಟು ಬೆಂಕಿ ಹಾಕಿತು.

"ಇದನ್ನೇ ಬರೆದ್ರೆ ಸಾಹೇಬರು ಆಯಮ್ಮನಿಗೆ ಬಹುಮಾನ ಕೊಡ್ತಾರೆ," ಎಂದ ವೆಂಕಟರವಣಪ್ಪ. "ಬೇರೆ ಏನಾದ್ರೂ ಐತಾ?"

"ಏನೈತೆ? ಬೆಳಿಗ್ಗೆ ಎದ್ದು ಕೇರಿ ಕೇರಿ ತಿರುಗ್ತಾಳೆ. ಒಬ್ಳೇ ಇರ್ತಾಳೆ." ಚೆನ್ನರಾಯಪ್ಪ ಯೋಚಿಸಿದ. "ಹೊತ್ತು ಮುಳುಗಿದ ಮೇಲೆ ಇಲಾಖೆ ಜೀಪು ಅವಳ ಮನೆ ಮುಂದೆ ನಿಂತಿತ್ತು. ಎರಡು ಸಲ ನಾನೇ ಕಂಡಿದ್ದೀನಿ."

"ಯಾಕ್ ನಿಂತಿತ್ತು?" ಎಂದು ಕೇಳಬೇಕಾದದ್ದು ಇಲ್ಲಿಯೇ. ವೆಂಕಟರವಣಪ್ಪ ಕೇಳಲಿಲ್ಲ. ಮರೆತು ಅಲ್ಲ, ಬೇಕೆಂದೇ ಕೇಳಲಿಲ್ಲ. ಕಾರಣ ತಿಳಿದುಬಿಟ್ಟರೆ ಬರೆಯುವ ಕೈ ತೊಡರುತ್ತದೆ ಎಂಬುದು ಅವನ ಕಸುಬಿನ ಧರ್ಮ. ಧರ್ಮವಂತೆ, ಮಣ್ಣು.

"ಸಾಕು," ಎಂದ. "ಆದ್ರೆ ಯಜಮಾನರೇ, ಅರ್ಜಿ ನಿಮ್ಮದಾಗಬಾರದು. ಊರಿನದಾಗ್ಬೇಕು. ಕೆಳಗಿನ ಕೇರಿಯೋರೂ ಹೆಬ್ಬೆಟ್ಟು ಒತ್ತಬೇಕು."

"ಅವರು ಒತ್ತುತಾರಾ? ಆಯಮ್ಮ ಅಂದ್ರೆ ಪ್ರಾಣ ಬಿಡ್ತಾರೆ."

"ಅದಕ್ಕೇ ಒತ್ತುತಾರೆ."

ಮೂರು ದಿನ ಕೂತು ಬರೆದ. ಅಂಥ ಅರ್ಜಿಯನ್ನು ಅವನು ಅದಕ್ಕೆ ಮುಂಚೆ ಬರೆದಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹೊಗಳಿಕೆ. ಗ್ರಾಮಸೇವಕಿಯವರು ಬಹಳ ಶ್ರದ್ಧೆಯುಳ್ಳವರು. ಹೊತ್ತುಗೊತ್ತು ನೋಡದೆ ದುಡಿಯುವವರು. ವಯಸ್ಸು ಚಿಕ್ಕದಾದರೂ, ಹಿರಿಯರು ಯಾರೂ ಜೊತೆಗಿಲ್ಲದಿದ್ದರೂ, ಧೈರ್ಯವಾಗಿ ಒಂಟಿ ಮನೆಯಲ್ಲಿದ್ದಾರೆ. ಇಲಾಖೆಯವರಿಗೂ ಅವರ ಮೇಲೆ ಎಷ್ಟು ಅಕ್ಕರೆಯೆಂದರೆ, ಕತ್ತಲಾದ ಮೇಲೂ ಜೀಪು ಅವರ ಬಾಗಿಲಲ್ಲಿ ನಿಂತಿರುವುದನ್ನು ಒಂದಕ್ಕಿಂತ ಹೆಚ್ಚು ಸಲ ಕಂಡು ನಾವು ಸಂತೋಷಪಟ್ಟಿದ್ದೇವೆ. ಊರಿನಲ್ಲಿ ಕೆಲವರು ಏನೇನೋ ಮಾತಾಡಬಹುದು, ಆ ಮಾತುಗಳನ್ನು ಇಲ್ಲಿ ಬರೆಯಲು ನಮಗೆ ಮನಸ್ಸಿಲ್ಲ. ಇಂಥ ಯೋಗ್ಯರಿಗೆ ನಮ್ಮ ಕುಗ್ರಾಮ ತಕ್ಕ ಜಾಗವಲ್ಲ. ಅವರ ಹಿತವನ್ನೂ ಇಲಾಖೆಯ ಒಳ್ಳೆಯ ಹೆಸರನ್ನೂ ಮನಸ್ಸಿನಲ್ಲಿಟ್ಟು ಸಾಹೇಬರು ಉಚಿತ ಕಂಡಂತೆ ಮಾಡಬೇಕು.

ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎನ್ನುತ್ತಾರಲ್ಲ, ಅದೇ. ಬರೆದು ಮುಗಿಸಿ ವೆಂಕಟರವಣಪ್ಪ ನಾಲ್ಕು ಸಲ ಓದಿಕೊಂಡ. ಹಿಗ್ಗಿ ಹೋದ. ಹಳೇ ಶಿರಸ್ತೇದಾರರು ಇದ್ದಿದ್ದರೆ ತೋರಿಸಬಹುದಿತ್ತಲ್ಲಾ ಎಂದು ಮರುಗಿದ.

ಹೆಬ್ಬೆಟ್ಟಿನವರ ಅರ್ಜಿಗೆ ಒಂದು ಕಟ್ಟಳೆಯುಂಟು. ಬರೆದವನು ಅದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು, ಅವರು ಒಪ್ಪಿದ ಮೇಲೆ ಹೆಬ್ಬೆಟ್ಟು ಒತ್ತಿಸಬೇಕು, 'ಓದಿ ತಿಳಿಸಿದ್ದೇನೆ' ಎಂದು ಕೆಳಗೆ ತನ್ನ ರುಜು ಹಾಕಬೇಕು. ವೆಂಕಟರವಣಪ್ಪ ಈ ಕಟ್ಟಳೆಯನ್ನು ಒಂದು ದಿನವೂ ಮುರಿದವನಲ್ಲ. ಬಂಡಪಲ್ಲಿಯ ಚಾವಡಿಯಲ್ಲಿ ಜನರನ್ನು ಕೂಡಿಸಿ ಅರ್ಜಿಯನ್ನು ಪೂರ್ತಿ ಕನ್ನಡದಲ್ಲಿ ಹೇಳಿದ, ತಿಳಿಯದವರಿಗೆ ತೆಲುಗಿನಲ್ಲೂ ಹೇಳಿದ. ಒಂದು ವಾಕ್ಯ ನುಂಗಲಿಲ್ಲ. ಶ್ರದ್ಧೆ ಎಂದಾಗ ಹೆಂಗಸರು ತಲೆದೂಗಿದರು. ಜೀಪು ಎಂದಾಗ ಕೆಳಗಿನ ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕುಗ್ರಾಮ ತಕ್ಕ ಜಾಗವಲ್ಲ ಎಂದಾಗ ಮುನಿಗಂಗಮ್ಮ ಎಂಬುವಳು ಎದ್ದು ಕೇಳಿದಳು.

"ಅಂದ್ರೆ ನಮ್ಮಮ್ಮನ್ನ ಬೇರೆ ಊರಿಗೆ ಹಾಕ್ತಾರಾ ಸ್ವಾಮಿ?"

"ದೊಡ್ಡ ಕೆಲಸ ಕೊಟ್ರೂ ಕೊಡಬೌದಮ್ಮ. ಸಾಹೇಬರ ಮನಸ್ಸು."

"ದೊಡ್ಡ ಕೆಲಸ ಆದ್ರೆ ಆಗ್ಲಿ ಬುಡಿ. ನಮ್ಮ ಹೊಟ್ಟೆ ಉರಿಯಾಕಿಲ್ಲ," ಎಂದು ಮುನಿಗಂಗಮ್ಮ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದಳು. ಕೂಸು ಸೊಂಟದ ಮೇಲಿತ್ತು. ಅವಳ ಹಿಂದೆ ಮೂವತ್ತೊಂದು ಜನ ಒತ್ತಿದರು. ಚೆನ್ನರಾಯಪ್ಪ ಕಡೆಯಲ್ಲಿ, ನಾಚಿಕೆಯ ಮನುಷ್ಯನ ಹಾಗೆ, ತೆಲುಗಿನಲ್ಲಿ ರುಜು ಹಾಕಿದ.

ಎರಡು ತಿಂಗಳಿಗೆ ಶಾಂತಕುಮಾರಿಗೆ ಕಾಗದ ಬಂತು. ನಿಮ್ಮ ಸೇವೆ ಈ ತಿಂಗಳ ಕೊನೆಯಿಂದ ಬೇಕಾಗಿಲ್ಲ. ಕಾರಣ ಬರೆದಿರಲಿಲ್ಲ. ಕಾಯಂ ಆಗದವರಿಗೆ ಕಾರಣ ಕೊಡಬೇಕಾಗಿಲ್ಲವಂತೆ.

ಮಾರನೆಯ ಗುರುವಾರ ಅವಳು ವೆಂಕಟರವಣಪ್ಪನ ಮೇಜಿನ ಮುಂದೆ ಬಂದಳು. ಜೊತೆಗೆ ಬಂದ ಮುನಿಗಂಗಮ್ಮ ಕೂಸು ಎತ್ತಿಕೊಂಡು ಹುಣಸೆಮರದ ನೆರಳಲ್ಲೇ ನಿಂತಳು. ವೆಂಕಟರವಣಪ್ಪ ಶಾಂತಕುಮಾರಿಯನ್ನು ನೋಡಿದ್ದು ಅದೇ ಮೊದಲು. ನೀಲಿ ಅಂಚಿನ ಬಿಳಿ ಸೀರೆ, ಕೈಯಲ್ಲೊಂದು ಬಟ್ಟೆಯ ಚೀಲ, ಬಿಸಿಲಿಗೆ ಕಪ್ಪಾದ ಮುಖ. ಇಷ್ಟು ಚಿಕ್ಕವಳೆಂದು ಅವನು ಎಣಿಸಿರಲಿಲ್ಲ. ಬರೆಯುವಾಗ ವಯಸ್ಸು ಚಿಕ್ಕದು ಎಂದು ತಾನೇ ಬರೆದಿದ್ದನಲ್ಲ, ಆದರೂ ಎಣಿಸಿರಲಿಲ್ಲ.

ಅವಳು ಚೀಲದಿಂದ ಟೈಪು ಮಾಡಿದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಅವನ ಅರ್ಜಿಯ ನಕಲು. ಇಲಾಖೆಯಲ್ಲಿ ಯಾರೋ ಪುಣ್ಯಾತ್ಮರು ಮರುಕಪಟ್ಟು ಕೊಟ್ಟಿದ್ದರು.

"ಇದನ್ನ ಬರೆದೋರು ನೀವು ಅಂತ ಗೊತ್ತು. ಕೆಳಗೆ ರುಜು ಐತೆ," ಎಂದಳು. "ಜಗಳಕ್ಕೆ ಬಂದಿಲ್ಲ ಸ್ವಾಮಿ. ನಾನೂ ಎಸ್ಸೆಸ್ಸೆಲ್ಸಿ ಮಾಡಿದ್ದೀನಿ, ಇಂಗ್ಲಿಷ್ ಓದೋಕೆ ಬರುತ್ತೆ. ಹತ್ತು ಸಲ ಓದಿದೆ. ಇದರಲ್ಲಿ ಯಾವುದನ್ನ ಸುಳ್ಳು ಅಂತ ಉತ್ತರ ಬರೀಲಿ, ನೀವೇ ಹೇಳಿ."

ವೆಂಕಟರವಣಪ್ಪ ಕನ್ನಡಕ ತೆಗೆದು ಒರೆಸಿದ.

"ಶ್ರದ್ಧೆ ಇಲ್ಲ ಅಂತ ಬರೀಲಾ? ಜೀಪು ನಿಂತಿರಲಿಲ್ಲ ಅಂತ ಬರೀಲಾ? ನಿಂತಿತ್ತು. ನನ್ನ ನಡತೆ ಸರಿಯಾಗೈತೆ ಅಂತ ಬರೆದ್ರೆ, ಸರಿಯಿಲ್ಲ ಅಂತ ಯಾರಮ್ಮ ಅಂದ್ರು ಅಂತಾರೆ. ಯಾರೂ ಅಂದಿಲ್ಲ. ಅಂದೇ ಇಲ್ಲದ ಮಾತಿಗೆ ನನ್ನ ಕೆಲಸ ಹೋಯ್ತು."

ಅಷ್ಟರಲ್ಲಿ ಮುನಿಗಂಗಮ್ಮ ಜಗಲಿ ಹತ್ತಿ ಬಂದಳು, ಸೊಂಟದ ಮೇಲಿನ ಕೂಸು ಮೇಜಿನ ಪೆನ್ನಿಗೆ ಕೈ ಹಾಕಿತು. "ಬ್ಯಾಡ ಕಣೋ ಜೀಪಪ್ಪ, ಸ್ವಾಮೇರದು," ಎಂದು ಅವಳು ಕೈ ಬಿಡಿಸಿದಳು.

"ಜೀಪಪ್ಪ?" ಎಂದ ವೆಂಕಟರವಣಪ್ಪ. ಇದೆಂಥಾ ಹೆಸರು?

"ಹೆಸರು ಮುನಿಗಂಗಪ್ಪ ಅಂತ ಇಕ್ಕಿದ್ದೀವಿ, ಕರೆಯಾದು ಜೀಪಪ್ಪ ಅಂತ." ಮುನಿಗಂಗಮ್ಮ ನಗುತ್ತಾ ಹೇಳಿದಳು. "ನಂಗೆ ಎರಡು ದಿನ ನೋವು ಸ್ವಾಮಿ. ಮಗ ಅಡ್ಡ ತಿರುಗ್ಬುಟ್ಟಿದ್ದ. ಸೂಲಗಿತ್ತಿ ಕೈ ಚೆಲ್ಲಿದ್ಳು. ಅಮ್ಮೋರು ಆಳು ಕಳ್ಸಿ ಜೀಪು ತರಿಸಿದ್ರು. ನಮ್ಮ ಕೇರಿ ಒಳಕ್ಕೆ ಜೀಪು ಬರಾಕಿಲ್ಲ. ಅಮ್ಮೋರ ಬಾಗಿಲ ತಾವ ನಿಲ್ಸಿದ್ರು. ನನ್ನ ಮಂಚದ ಸಮೇತ ಹೊತ್ಕೊಂಡು ಬಂದು ಅದರಾಗೆ ಹಾಕಿ ಚಿಂತಾಮಣಿ ಆಸ್ಪತ್ರೆಗೆ ತಂದ್ರು. ಹನ್ನೊಂದು ದಿನಕ್ಕೆ ಅದೇ ಜೀಪಲ್ಲಿ ತಂದು ಬುಟ್ರು. ನಮ್ಮೂರಾಗೆ ಕೇಳಿ, ಹಸುಮಕ್ಕಳಿಗೂ ಗೊತ್ತು."

ಎರಡು ಸಲ. ಹೋಗುವಾಗ ಒಂದು, ಬರುವಾಗ ಒಂದು. ಚಾವಡಿಯಲ್ಲಿ ಜೀಪು ಎಂದಾಗ ಕೆಳಗಿನ ಕೇರಿಯವರು ಯಾಕೆ ನಕ್ಕಿದ್ದರು ಎಂಬುದು ವೆಂಕಟರವಣಪ್ಪನಿಗೆ ಈಗ ತಿಳಿಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತನ್ನ ಬರಹದ ಬಗ್ಗೆ ಅವನಿಗೆ ಅಸಹ್ಯವಾಯಿತು.

"ಇವಳಿಗೆ ಪೂರ್ತಿ ಹೇಳಿಲ್ಲ," ಎಂದು ಶಾಂತಕುಮಾರಿ ಇಂಗ್ಲಿಷಿನಲ್ಲಿ, ತಡವರಿಸುತ್ತಾ, ಮುನಿಗಂಗಮ್ಮನಿಗೆ ತಿಳಿಯದಂತೆ ಹೇಳಿದಳು. "ತನ್ನ ಹೆಬ್ಬೆಟ್ಟಿನಿಂದ ಹೀಗಾಯಿತು ಎಂದು ತಿಳಿದರೆ ಅವಳು ಸಹಿಸುವುದಿಲ್ಲ. ಬೇರೆ ಯಾರೋ ಮಾಡಿದರೆಂದುಕೊಂಡಿದ್ದಾಳೆ."

ಮುನಿಗಂಗಮ್ಮ ಕೂಸನ್ನು ಆಡಿಸುತ್ತಾ ಜಗಲಿ ಇಳಿದ ಮೇಲೆ ಶಾಂತಕುಮಾರಿ ಮತ್ತೆ ಕನ್ನಡದಲ್ಲಿ ಹೇಳಿದಳು. "ನಂಗೆ ಬೇಕಾಗಿರೋದು ಒಂದೇ. ಸೋಮವಾರ ನಮ್ಮ ಇಲಾಖೆ ಸಾಹೇಬರು ಶಿಡ್ಲಘಟ್ಟದ ಬಂಗಲೇಲಿ ಕ್ಯಾಂಪು. ನೀವು ಬಂದು ನಿಮ್ಮ ಬಾಯಿಂದ ಹೇಳ್ಬೇಕು. ಜೀಪು ಯಾಕ್ ನಿಂತಿತ್ತು ಅಂತ ಊರೋರು ಹೇಳ್ತಾರೆ. ಆ ಅರ್ಜಿ ಹಾಗೆ ಯಾಕೆ ಬರೆದ್ರಿ, ಯಾರು ಬರೆಸಿದ್ರು ಅನ್ನೋದನ್ನ ನೀವಲ್ದೆ ಇನ್ಯಾರೂ ಹೇಳೋಕಾಗಲ್ಲ. ನೀವು ಹೇಳಿದ್ರೆ ಕೆಲಸ ಉಳಿಯುತ್ತೆ. ಇಲ್ಲಾಂದ್ರೆ ಈ ಕಾಗದ ನಾನು ಎಲ್ಲೇ ಹೋದ್ರೂ ನನ್ನ ಹಿಂದೇನೇ ಬರುತ್ತೆ."

"ಬರ್ತೀನಮ್ಮ," ಎಂದ ವೆಂಕಟರವಣಪ್ಪ. "ದೇವ್ರಾಣೆಗೂ ಬರ್ತೀನಿ."

ಆಣೆ ಹಾಕಿದ್ದು ಸುಳ್ಳಲ್ಲ. ಆ ನಾಲ್ಕು ದಿನ ಅವನಿಗೆ ಊಟ ಸೇರಲಿಲ್ಲ. ಹೆಂಡತಿ ಓಬಳಮ್ಮ ಕೇಳಿದಳು, ಮುದ್ದೆ ತಣ್ಣಗಾಗ್ತಾ ಐತೆ, ಏನಾಯ್ತು ಎಂದು. ಎಲ್ಲವನ್ನೂ ಹೇಳಿಕೊಂಡ. ಅವಳು ಕೇಳಿಸಿಕೊಂಡು, "ಹೋಗಿ ಹೇಳಿ ಬನ್ನಿ. ಅನ್ನಕ್ಕೆ ಇನ್ನೊಂದು ದಾರಿ ಆಗುತ್ತೆ," ಎಂದಳು. ಅಷ್ಟು ಸಲೀಸಾಗಿ ಹೇಳಿಬಿಟ್ಟಳು. ಹೇಳಬೇಕಾದ ಮಾತನ್ನು ಅವನು ಮನಸ್ಸಿನಲ್ಲೇ ಅಣಿ ಮಾಡಿಕೊಂಡ. ಸ್ವಾಮಿ, ಆ ಹೆಣ್ಣುಮಗಳದು ತಪ್ಪಿಲ್ಲ. ಬಾವಿಯ ಹಗೆಗೆ ಚೆನ್ನರಾಯಪ್ಪ ಬರೆಸಿದ, ನಾನು ಬರೆದೆ. ಎರಡೇ ವಾಕ್ಯ. ಚಿಕ್ಕ ಮಗುವೂ ಹೇಳಬಹುದಾದ ಮಾತು. ಮೇಜು ಹೋದರೆ ಹೋಗಲಿ, ಹುಣಸೆಮರದ ಬುಡ ಇದ್ದೇ ಇದೆ ಎಂದು ಧೈರ್ಯ ತಂದುಕೊಂಡ.

ಸೋಮವಾರ ಬೆಳಗಿನ ಬಸ್ಸಿಗೆ ಮೂವರೂ ಶಿಡ್ಲಘಟ್ಟಕ್ಕೆ ಹೋದರು. ರೇಷ್ಮೆಗೂಡಿನ ಬುಟ್ಟಿಗಳು ಬಸ್ಸಿನ ತುಂಬ, ಹುಳುವಿನ ವಾಸನೆ. ಬಂಗಲೆಯ ಜಗಲಿಯಲ್ಲಿ ಅರ್ಜಿದಾರರ ಸಾಲು. ಹನ್ನೊಂದು ಗಂಟೆಗೆ ಜವಾನ ಕೂಗಿದ. ಕೂಸು ಅಳುತ್ತೆ ಎಂದು ಮುನಿಗಂಗಮ್ಮನನ್ನು ಒಳಗೆ ಬಿಡಲಿಲ್ಲ. "ನೀವು ಹೋಗಿ ಹೇಳಿ ಬನ್ನಿ ಸ್ವಾಮಿ, ನಾನು ಇಲ್ಲೇ ಇರ್ತೀನಿ," ಎಂದು ಅವಳು ಕಂಬಕ್ಕೆ ಒರಗಿ ಕೂತಳು.

ಸಾಹೇಬರು ಕೆಟ್ಟ ಮನುಷ್ಯರಲ್ಲ. ಐವತ್ತರ ಆಸುಪಾಸಿನವರು, ಶಾಂತ ಸ್ವಭಾವ, ಶಾಂತಕುಮಾರಿಯನ್ನು ಕೂರಲು ಹೇಳಿದರು. ಅವಳು ನಿಂತೇ ಇದ್ದು, ಜೀಪಿನ ವಿಷಯ ಕನ್ನಡದಲ್ಲಿ ಬರೆದು ತಂದಿದ್ದ ಒಂದು ಹಾಳೆ ಕೊಟ್ಟಳು. ಅವರು ಓದಿದರು.

"ಏನಮ್ಮ ಇದು? ನಿಮ್ಮ ಮೇಲೆ ಯಾರೂ ಏನೂ ಹೇಳಿಲ್ಲವಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

"ಯಾರೂ ಹೇಳಿಲ್ಲ ಅಂದ್ರೆ ನನ್ನನ್ನ ಯಾಕೆ ತೆಗೆದ್ರಿ ಸ್ವಾಮಿ?"

ಸಾಹೇಬರು ಫೈಲು ತಿರುವಿ ಅರ್ಜಿಯನ್ನು ಹೊರಗೆ ತೆಗೆದರು. "ಅರ್ಜಿ ಬರೆದೋರು ಬಂದಿದ್ದಾರೆ ಅಂದ್ರಲ್ಲ?"

ವೆಂಕಟರವಣಪ್ಪ ಕೋಟಿನ ಗುಂಡಿ ಸರಿಮಾಡಿಕೊಂಡು ಮುಂದೆ ಬಂದ. ಎರಡು ವಾಕ್ಯಗಳೂ ನಾಲಿಗೆಯ ತುದಿಯಲ್ಲಿದ್ದವು.

"ನೀವೇನಾ?" ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕೂತ್ಕೊಳ್ಳಿ. ಯಾರೋ ಲಾಯರ್ ಬರೆದಿರಬೇಕು ಅಂದ್ಕೊಂಡಿದ್ದೆ. ನಮ್ಮ ಆಫೀಸಿನಲ್ಲಿ ಮೂರು ಜನ ಬಿ.ಎ.ಗಳಿದ್ದಾರೆ, ಇಂಥ ಒಂದು ಪ್ಯಾರಾ ಬರೆಯೋಕೆ ಅವರ ಕೈಲಿ ಆಗಲ್ಲ. ಎಲ್ಲಿ ಓದಿದ್ರಿ?"

ವೆಂಕಟರವಣಪ್ಪ ಕೂತ. ಇಪ್ಪತ್ತು ವರ್ಷದಲ್ಲಿ ಅವನ ಇಂಗ್ಲಿಷನ್ನು ಹೊಗಳಿದವರು ಒಬ್ಬರಿಲ್ಲ. ಬರೆಸಿದವರಿಗೆ ಓದಲು ಬಾರದು, ಓದುವವರಿಗೆ ಬರೆದವನು ಬೇಡ. ಎರಡು ಸಲ ಡುಮ್ಕಿ ಹೊಡೆದವನ ಮುಂದೆ ಈಗ ಇಷ್ಟು ದೊಡ್ಡ ಮನುಷ್ಯರು, ಎದುರಿನ ಕುರ್ಚಿಯಲ್ಲಿ, ತನ್ನ ಪ್ಯಾರಾವನ್ನು ಬೆರಳಿಟ್ಟು ತೋರಿಸುತ್ತಿದ್ದಾರೆ.

"ಹಳೇ ಶಿರಸ್ತೇದಾರರ ಹತ್ರ ಕಲಿತೆ ಸ್ವಾಮಿ," ಎಂದ. ಅವನ ಮುಖ ಕೆಂಪಾಯಿತು. ಹಾಳಾದವನು, ಸಂತೋಷಪಟ್ಟ.

"ಗೊತ್ತಾಗುತ್ತೆ, ಗೊತ್ತಾಗುತ್ತೆ." ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಈಗ ಹೇಳಿ. ಈ ಅರ್ಜೀಲಿ ಏನಾದ್ರೂ ಸುಳ್ಳಿದೆಯಾ?"

ಪಕ್ಕದಲ್ಲಿ ನಿಂತಿದ್ದ ಶಾಂತಕುಮಾರಿ ಅವನ ಕಡೆ ತಿರುಗಿದಳು. ಹೌದು ಸ್ವಾಮಿ, ಅದೆಲ್ಲಾ ಸೇರಿ ಒಂದು ಸುಳ್ಳು ಎನ್ನಬೇಕಾಗಿತ್ತು. ಅವನು ಬಾಯಿ ತೆರೆದ.

"ಒಂದಕ್ಷರಾನೂ ಸುಳ್ಳಿಲ್ಲ ಸ್ವಾಮಿ. ನಾನು ಹಾಗೆಲ್ಲ ಬರೆಯೋನಲ್ಲ."

ಬಂದುಬಿಟ್ಟಿತು. ಅವನ ಕಸುಬು ಅವನ ಬಾಯಲ್ಲಿ ಕೂತು ಮಾತಾಡಿಬಿಟ್ಟಿತು. ಹೇಳಿದ ಮೇಲೆ ತಿದ್ದಿಕೊಳ್ಳಲು ಹೊತ್ತಿತ್ತು, ಇಲ್ಲವೆಂದಲ್ಲ. ಸಾಹೇಬರು ಪೆನ್ನಿನ ಟೋಪಿ ತೆಗೆಯುವಷ್ಟು ಹೊತ್ತು. ಅವನು ತೊದಲಿದ. "ಆದರೂ ಸ್ವಾಮಿ, ಸಂದರ್ಭವನ್ನ ಬೇರೆ ದೃಷ್ಟಿಯಿಂದ ನೋಡೋದಕ್ಕೂ ಅವಕಾಶ ಇರಬಹುದು ಅಂತ, ತಮ್ಮ ಗಮನಕ್ಕೆ..."

ಅಲ್ಲೂ ಸೂಚಿಸುವುದೇ. ನೇರವಾಗಿ ಹೇಳುವುದು ಹೇಗೆಂದು ಆ ಮನುಷ್ಯನಿಗೆ ಮರೆತೇ ಹೋಗಿತ್ತು.

"ನೋಡೋಣ, ನೋಡೋಣ," ಎಂದು ಸಾಹೇಬರು ಅವಳ ಕನ್ನಡದ ಹಾಳೆಯ ಮೂಲೆಯಲ್ಲಿ ಏನೋ ಗೀಚಿ ಫೈಲಿಗೆ ಸೇರಿಸಿದರು. "ಅರ್ಜಿ ನಿಜ ಅಂತ ಬರೆದೋರೇ ಹೇಳ್ತಾ ಇದ್ದಾರಮ್ಮ. ಊರೋರೇ ಹೆಬ್ಬೆಟ್ಟು ಹಾಕಿದ್ದಾರೆ. ನಾನೇನು ಮಾಡ್ಲಿ? ನೀವು ಚಿಕ್ಕೋರು, ಬೇರೆ ಕಡೆ ಪ್ರಯತ್ನ ಮಾಡಿ." ಜವಾನ ಮುಂದಿನ ಹೆಸರು ಕೂಗಿದ.

ಶಾಂತಕುಮಾರಿ ಕೈ ಮುಗಿದು ಹೊರಗೆ ಬಂದಳು. ವೆಂಕಟರವಣಪ್ಪ ಅವಳ ಹಿಂದೆ ಬಂದ. ಮುನಿಗಂಗಮ್ಮ ಎದ್ದು ನಿಂತಳು, ಮುಖವೆಲ್ಲ ಆಸೆ.

"ಹೇಳಿದ್ರಾ ಸ್ವಾಮಿ? ಏನಂದ್ರು?"

"ಹೇಳ್ದೆ ಕಣಮ್ಮ," ಎಂದ ವೆಂಕಟರವಣಪ್ಪ. "ಸಾಹೇಬರು ಎಲ್ಲಾ ಕೇಳಿಸಿಕೊಂಡ್ರು. ನೋಡೋಣ ಅಂದವ್ರೆ. ದೊಡ್ಡೋರ ಮಾತು, ಯಾವ ಹೊತ್ತಿಗೆ ಹೇಗೆ ತಿರುಗುತ್ತೋ."

"ಹಂಗಾದ್ರೆ ಆಯ್ತು ಬುಡಿ," ಎಂದಳು ಮುನಿಗಂಗಮ್ಮ. ಶಾಂತಕುಮಾರಿಯ ಕೈ ಹಿಡಿದುಕೊಂಡಳು. "ಅಮ್ಮೋರೆ, ಮನೆ ಖಾಲಿ ಮಾಡ್ಬ್ಯಾಡಿ. ಬಾಗಿಲು ಸಾರಿಸಿ ಇಟ್ಟಿರ್ತೀನಿ. ತಾಯಿ ನೋಡ್ಕೊಂಡು ವಾರದಾಗೆ ಬಂದ್ಬುಡಿ."

ಶಾಂತಕುಮಾರಿ ವೆಂಕಟರವಣಪ್ಪನನ್ನು ನೋಡಿದಳು. ಇಷ್ಟು ದಿನ ಸಿಟ್ಟಿಲ್ಲದ ಅವಳ ಮುಖಕ್ಕೆ ಈಗ ಸಿಟ್ಟು ಬಂದಿತ್ತು.

"ನನ್ನದು ಹೋಯ್ತು, ಹೋಗ್ಲಿ," ಎಂದಳು. "ಇವಳು ನಾಳೆಯಿಂದ ದಾರಿ ಕಾಯ್ತಾಳಲ್ಲ ಸ್ವಾಮಿ, ಇವಳಿಗೂ ಹೀಗೇ ಹೇಳ್ತೀರಾ?"

ಅವಳು ಮುನಿಗಂಗಮ್ಮನ ಕಡೆ ತಿರುಗಿದಳು. ಮುಚ್ಚಿಡಬೇಕೆಂದಿದ್ದ ಮಾತನ್ನು ಒಂದೊಂದಾಗಿ ಹೇಳಿದಳು.

"ನನ್ನ ಕೆಲಸ ಹೋಯ್ತು ಮುನಿಗಂಗಮ್ಮ. ನಾನು ಬರಲ್ಲ. ಚಾವಡೀಲಿ ನೀವೆಲ್ಲ ಹೆಬ್ಬೆಟ್ಟು ಒತ್ತಿದ ಅರ್ಜಿಯಿಂದಾನೇ ಹೋಯ್ತು. ಜೀಪು ನನ್ನ ಬಾಗಿಲಲ್ಲಿ ನಿಂತಿತ್ತು ಅಂತ ಅದರಲ್ಲೈತೆ, ನಿನ್ನ ಹೆರಿಗೆಗೆ ನಿಂತಿತ್ತು ಅಂತ ಇಲ್ಲ. ಚೆನ್ನರಾಯಪ್ಪನವರು ಬರೆಸಿದ್ರು. ಇವರು ಬರೆದ್ರು. ಒಳಗೆ ಕೇಳಿದ್ರೆ, ಒಂದಕ್ಷರಾನೂ ಸುಳ್ಳಿಲ್ಲ ಅಂದ್ರು."

ಮುನಿಗಂಗಮ್ಮ ವೆಂಕಟರವಣಪ್ಪನ ಕಡೆ ತಿರುಗಿದಳು. ಕೂಸು ಅವಳ ತಾಳಿಯ ದಾರ ಹಿಡಿದು ಎಳೆಯುತ್ತಿತ್ತು. ಜಗಲಿಯಲ್ಲಿ ಕೂತಿದ್ದ ಅರ್ಜಿದಾರರು ಇತ್ತ ತಿರುಗಿ ನೋಡುತ್ತಿದ್ದರು.

"ಹೌದಾ ಸ್ವಾಮಿ?" ಎಂದು ಕೇಳಿದಳು.

"ಹೌದಮ್ಮ," ಎಂದ ವೆಂಕಟರವಣಪ್ಪ. "ಆಯಮ್ಮನದು ತಪ್ಪಿಲ್ಲ. ಬಾವಿಯ ಹಗೆಗೆ ಚೆನ್ನರಾಯಪ್ಪ ಬರೆಸಿದ, ನಾನು ಬರೆದೆ."

ಅಷ್ಟೇ. ನಾಲ್ಕು ದಿನ ಅಣಿ ಮಾಡಿಕೊಂಡಿದ್ದ ಎರಡು ವಾಕ್ಯಗಳೂ ಒಂದು ತೊದಲಿಲ್ಲದೆ, ಹೆಬ್ಬೆಟ್ಟಿನ ಹೆಂಗಸೊಬ್ಬಳ ಮುಂದೆ ಬಂದವು.

"ಇಷ್ಟು ಚೆಂದಾಗಿ ಹೇಳಕ್ಕೆ ಬತ್ತದಲ್ಲಪ್ಪ ನಿಂಗೆ," ಎಂದಳು ಮುನಿಗಂಗಮ್ಮ. ಸ್ವಾಮಿ ಎನ್ನಲಿಲ್ಲ. "ಬಾಗಿಲು ಅಲ್ಲೇ ಐತೆ, ಸಾಹೇಬ್ರು ಇನ್ನೂ ಕುಂತವ್ರೆ. ಹೋಗು. ಇದನ್ನೇ ಹೇಳು, ಹೋಗು."

ಬಾಗಿಲು ಹತ್ತು ಹೆಜ್ಜೆ ದೂರದಲ್ಲಿ ತೆರೆದೇ ಇತ್ತು. ಒಳಗೆ ಸಾಹೇಬರ ತಲೆ ಕಾಣುತ್ತಿತ್ತು. ಅವಳು ಕಾದಳು. ಅವನು ಹೋಗಲಿಲ್ಲ. ಆಮೇಲೆ ಹೆಂಗಸರಿಬ್ಬರೂ ಗೌರಿಬಿದನೂರಿನ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರನ್ನೋ ಕೇಳಿಕೊಂಡು ಬಂಗಲೆಯ ಗೇಟು ದಾಟಿದರು.